ಬೆಂಗಳೂರಿಗೆ ಫ್ಯಾಷನ್, ಬ್ಯೂಟಿಷಿಯನ್ ಓದಲು ಹೊರಟಿದ್ದೀರಾ? ಹಣ ಕಟ್ಟುವ ಮೊದಲು ಕಾಗದ ನೋಡಿ



ಪ್ಲಸ್ ಟು ಫಲಿತಾಂಶ ಬಂದ ಮೇಲೆ ಸಂಘದ ಕಚೇರಿಗೆ ಬರುವ ಫೋನುಗಳಲ್ಲಿ ಈಚೆಗೆ ಒಂದು ಬದಲಾವಣೆ ಕಾಣುತ್ತಿದೆ. ಮೊದಲೆಲ್ಲ ಇಂಜಿನಿಯರಿಂಗ್, ನರ್ಸಿಂಗ್, ಬಿ.ಎಡ್. ಎಂದು ಕೇಳುತ್ತಿದ್ದರು. ಈಗ "ಮಗಳು ಫ್ಯಾಷನ್ ಡಿಸೈನಿಂಗ್ ಓದುತ್ತೇನೆ ಅನ್ನುತ್ತಾಳೆ, ಬೆಂಗಳೂರಿನಲ್ಲಿ ಯಾವುದು ಒಳ್ಳೆಯದು ಸಾರ್?" ಎಂದೋ, "ತಂಗಿ ಬ್ಯೂಟಿಷಿಯನ್ ಕೋರ್ಸ್ ಸೇರಬೇಕಂತೆ, ಎಷ್ಟಾಗುತ್ತದೆ?" ಎಂದೋ ಕೇಳುತ್ತಾರೆ. ಸೇಲಂ, ಓಮಲೂರು, ಮೆಟ್ಟೂರು, ಧರ್ಮಪುರಿ, ಪೆನ್ನಾಗರ, ಪಾಲಕ್ಕೋಡು ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಬರೆದು ತಿಳಿಸೋಣವೆಂದು ಈ ಲೇಖನ.

ನಾನು ಗುಮಾಸ್ತನಾಗಿ ನಿವೃತ್ತನಾದವನು. ಬಟ್ಟೆಯ ವಿನ್ಯಾಸ, ಮುಖದ ಅಲಂಕಾರ ನನ್ನ ವಿಷಯವಲ್ಲ. ಆದರೆ ಸರ್ಟಿಫಿಕೇಟು, ರಸೀದಿ, ಮಾನ್ಯತೆ ಪತ್ರ ಇವುಗಳನ್ನು ಓದುವುದು ಜೀವಮಾನದ ಅಭ್ಯಾಸ. ಆ ಅಭ್ಯಾಸದಿಂದ ತಿಳಿದದ್ದನ್ನು ಹೇಳುತ್ತೇನೆ.

ಈ ಕೆಲಸ ನಮಗೆ ಹೊಸದಲ್ಲ

ಹಿರಿಯರು ಕೆಲವರು ಮೂಗು ಮುರಿಯುತ್ತಾರೆ. "ಹೊಲಿಯುವುದಕ್ಕೆ ಕಾಲೇಜೇ? ಕೂದಲು ಕತ್ತರಿಸುವುದಕ್ಕೆ ಡಿಪ್ಲೊಮಾನೇ?" ಎಂಬ ಮಾತು ಸಂಘದ ಸಭೆಯಲ್ಲೇ ಕೇಳಿದ್ದೇನೆ. ಅವರಿಗೆ ಎರಡು ವಿಷಯ ನೆನಪಿಸಬೇಕು.

ಒಂದು, ನಮ್ಮಲ್ಲಿ ಎಷ್ಟೋ ಮನೆಗಳು ಬಟ್ಟೆಯಿಂದಲೇ ಬದುಕಿದವು. ಸೇಲಂ ಸುತ್ತಮುತ್ತಲ ದೇವಾಂಗ ಮನೆಗಳಲ್ಲಿ ಮಾತು ಕನ್ನಡ, ಕಸುಬು ಮಗ್ಗ. ಸೇಲಂ ವೆಣ್‌ಪಟ್ಟು ಎಂಬ ಬಿಳಿ ರೇಷ್ಮೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಇಳಂಪಿಳ್ಳೆಯ ಸೀರೆ ಎಲ್ಲೆಲ್ಲಿಗೋ ಹೋಗುತ್ತದೆ. ಕೇಂದ್ರ ಜವಳಿ ಸಚಿವಾಲಯದ ಅಡಿಯಲ್ಲಿರುವ ಆರು ಭಾರತೀಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆಗಳಲ್ಲಿ ಒಂದು ನಮ್ಮ ಸೇಲಂನಲ್ಲೇ 1960ರಿಂದ ಇದೆ. ದೊಡ್ಡ ನಗರದ ಫ್ಯಾಷನ್ ಕಾಲೇಜಿನವರು ತಮ್ಮ ವಿದ್ಯಾರ್ಥಿಗಳನ್ನು ನೇಕಾರರ ಊರುಗಳಿಗೆ ಕಳುಹಿಸಿ, ಹಾಸು ಯಾವುದು ಹೊಕ್ಕು ಯಾವುದು ಎಂದು ಕಲಿಸುತ್ತಾರೆ. ನಮ್ಮ ಮಕ್ಕಳಿಗೆ ಅದು ಮನೆಯ ಜಗಲಿಯಲ್ಲೇ ಸಿಕ್ಕಿದೆ.

ಎರಡು, ಬ್ಯೂಟಿ ಕೆಲಸದಲ್ಲಿ ಕಲಿಯಬೇಕಾದದ್ದು ಬಹಳ ಇದೆ. ಕಪ್ಪು ಕೂದಲಿನ ಬಣ್ಣಗಳಲ್ಲಿ ಸಾಮಾನ್ಯವಾಗಿ ಪಿ.ಪಿ.ಡಿ. ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ಅದು ಒಗ್ಗದೆ ಮುಖ ಊದಿಕೊಳ್ಳುತ್ತದೆ. ಅದಕ್ಕೇ ಬಣ್ಣ ಹಚ್ಚುವ 48 ಗಂಟೆ ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷಿಸಬೇಕು ಎಂಬ ನಿಯಮ. ಕತ್ತರಿ, ಬ್ಲೇಡು, ಟವೆಲ್ಲು ಶುದ್ಧಿ ಮಾಡದಿದ್ದರೆ ಒಬ್ಬರ ರೋಗ ಇನ್ನೊಬ್ಬರಿಗೆ ಹರಡುತ್ತದೆ. ಇದೆಲ್ಲ ಓದಿ, ಕೈಯಾರೆ ಮಾಡಿ ಕಲಿಯಬೇಕಾದ ವಿದ್ಯೆ. ಇದರಲ್ಲಿ ಕೀಳು ಎನ್ನುವಂಥದ್ದು ಏನೂ ಇಲ್ಲ.

ಆದ್ದರಿಂದ ಮಕ್ಕಳು ಕೇಳಿದರೆ ಬೇಡ ಎನ್ನಬೇಡಿ. ಎಲ್ಲಿ, ಯಾವ ಕಾಗದಕ್ಕೆ, ಎಷ್ಟು ಹಣಕ್ಕೆ ಎಂಬುದನ್ನು ಮಾತ್ರ ಕುಳಿತು ಲೆಕ್ಕ ಹಾಕಿ.

ಹೆಸರು ಒಂದೇ, ಕಾಗದ ಬೇರೆ ಬೇರೆ

ಜಾಹೀರಾತಿನಲ್ಲಿ ಎಲ್ಲದಕ್ಕೂ "ಫ್ಯಾಷನ್ ಡಿಸೈನಿಂಗ್ ಕೋರ್ಸ್", "ಬ್ಯೂಟಿ ಕೋರ್ಸ್" ಎಂದೇ ಇರುತ್ತದೆ. ಕೈಗೆ ಸಿಗುವ ಕಾಗದ ಮಾತ್ರ ಒಂದೊಂದರದು ಒಂದೊಂದು.

ಮೊದಲನೆಯದು ನಿಫ್ಟ್, ಅಂದರೆ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ. 1986ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. 2006ರ ಕಾಯ್ದೆಯಿಂದ ಸ್ವತಃ ಪದವಿ ಕೊಡುವ ಅಧಿಕಾರ ಪಡೆಯಿತು. ಚೆನ್ನೈಯ ತರಮಣಿಯಲ್ಲಿ 1995ರಿಂದ ಇದೆ. ಬೆಂಗಳೂರಿನಲ್ಲಿ 1997ರಿಂದ ಇದ್ದು, ಈಗ ಎಚ್.ಎಸ್.ಆರ್. ಬಡಾವಣೆಯಲ್ಲಿದೆ. ಬಿ.ಡಿಸ್. ಪದವಿಗೆ ಪ್ಲಸ್ ಟುನಲ್ಲಿ ಯಾವ ವಿಭಾಗ ಓದಿದ್ದರೂ ಆಗುತ್ತದೆ. ಬಿ.ಎಫ್.ಟೆಕ್.ಗೆ ಗಣಿತ, ಭೌತಶಾಸ್ತ್ರ ಓದಿರಬೇಕು. ಎರಡೂ 4 ವರ್ಷ. ಅಖಿಲ ಭಾರತ ಪ್ರವೇಶ ಪರೀಕ್ಷೆ ಇದೆ. ಪ್ಲಸ್ ಟು ಪರೀಕ್ಷೆಗೆ ಮುಂಚೆಯೇ ಅರ್ಜಿ ಹಾಕಬೇಕಾದ್ದರಿಂದ, ಫಲಿತಾಂಶ ಬಂದ ಮೇಲೆ ಯೋಚಿಸಿದರೆ ಆ ವರ್ಷ ಕೈತಪ್ಪಿದ ಹಾಗೆಯೇ. ಬಿ.ಡಿಸ್.ಗೆ ಚಿತ್ರ ಬಿಡಿಸುವ ಪರೀಕ್ಷೆ, ಸಾಮಾನ್ಯ ಸಾಮರ್ಥ್ಯ ಪರೀಕ್ಷೆ, ಆಮೇಲೆ ಕೈಯಲ್ಲಿ ಒಂದು ವಸ್ತು ಮಾಡಿ ತೋರಿಸುವ ಪರೀಕ್ಷೆ, ಹೀಗೆ ಮೂರು ಹಂತ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇಲ್ಲ, ತಮಿಳಿನಲ್ಲೂ ಇಲ್ಲ. ಶುಲ್ಕ ಕಡಿಮೆಯೇನಲ್ಲ, 4 ವರ್ಷಕ್ಕೆ ಊಟ, ವಸತಿ ಬಿಟ್ಟೇ 10 ಲಕ್ಷ ದಾಟುತ್ತದೆ. ಆದಾಯ ಕಡಿಮೆ ಇರುವ ಕುಟುಂಬಗಳಿಗೆ ಶುಲ್ಕ ಸಹಾಯದ ಯೋಜನೆಯೂ ಇದೆ, ಕೇಳಿ ಪಡೆಯಬೇಕು.

ಎರಡನೆಯದು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ಪದವಿ. ಪೆರಿಯಾರ್ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಉಡುಪು ವಿನ್ಯಾಸ, ಜವಳಿ ವಿಷಯದ ಬಿ.ಎಸ್ಸಿ. ಇದೆ. ಸೇಲಂನ ಸೋನಾ ತಾಂತ್ರಿಕ ಕಾಲೇಜಿನಲ್ಲಿ ಫ್ಯಾಷನ್ ಟೆಕ್ನಾಲಜಿ ಬಿ.ಟೆಕ್. ಇದೆ. ಮೇಲೆ ಹೇಳಿದ ಕೈಮಗ್ಗ ಸಂಸ್ಥೆಯಲ್ಲಿ 3 ವರ್ಷದ ಡಿಪ್ಲೊಮಾ ಇದೆ. ಇವೆಲ್ಲ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವ ದೂರ.

ಮೂರನೆಯದು ಐ.ಟಿ.ಐ. ನಮ್ಮವರು ಐ.ಟಿ.ಐ. ಎಂದರೆ ಫಿಟ್ಟರ್, ವೆಲ್ಡರ್ ಎಂದೇ ತಿಳಿಯುತ್ತಾರೆ. ಅಲ್ಲಿ ಕಾಸ್ಮೆಟಾಲಜಿ, ಫ್ಯಾಷನ್ ಡಿಸೈನ್, ಹೊಲಿಗೆ ಎಂಬ ಟ್ರೇಡುಗಳೂ ಇವೆ. ಕಾಸ್ಮೆಟಾಲಜಿ, ಫ್ಯಾಷನ್ ಡಿಸೈನ್‌ಗೆ ಹತ್ತನೇ ತರಗತಿ ಪಾಸಾಗಿರಬೇಕು, ಅವಧಿ 1 ವರ್ಷ, ಸರ್ಟಿಫಿಕೇಟು ರಾಷ್ಟ್ರಮಟ್ಟದ್ದು. ಎಲ್ಲ ಐ.ಟಿ.ಐ.ಯಲ್ಲೂ ಎಲ್ಲ ಟ್ರೇಡೂ ಇರುವುದಿಲ್ಲ. ಸೇಲಂನ ಮಹಿಳಾ ಐ.ಟಿ.ಐ.ಗೆ ಹೋಗಿ ಆ ವರ್ಷದ ಪಟ್ಟಿ ನೋಡಿ. ತಮಿಳುನಾಡಿನ ಸರಕಾರಿ ಐ.ಟಿ.ಐ.ಗಳಲ್ಲಿ ಬೋಧನಾ ಶುಲ್ಕವಿಲ್ಲ. ಮೇಲಾಗಿ ತಿಂಗಳಿಗೆ 750 ರೂಪಾಯಿ ಭತ್ಯೆ ಕೊಡುತ್ತಾರೆ. ಬೆಂಗಳೂರೇ ಬೇಕೆಂದರೆ ಹೊಸೂರು ರಸ್ತೆಯಲ್ಲಿ ಕೇಂದ್ರ ಸರಕಾರದ ಮಹಿಳಾ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ ಇದೆ. ಈ ಟ್ರೇಡುಗಳನ್ನು ಕಲಿಸುವ ಶಿಕ್ಷಕಿಯರೂ ಅಂಥ ಸಂಸ್ಥೆಗಳಲ್ಲೇ ತರಬೇತಿ ಪಡೆಯುತ್ತಾರೆ.

ನಾಲ್ಕನೆಯದು ಖಾಸಗಿ ಅಕಾಡೆಮಿ. ಇದರಲ್ಲಿ ಎರಡು ಬಗೆ. ಲ್ಯಾಕ್ಮೆ, ವಿಎಲ್‌ಸಿಸಿ ಮುಂತಾದ ದೊಡ್ಡ ಕಂಪನಿಗಳ ಹೆಸರಿನಲ್ಲಿ ನಡೆಯುವ ಅಕಾಡೆಮಿಗಳು ಒಂದು. ಅವುಗಳ ಸರ್ಟಿಫಿಕೇಟು ಕಂಪನಿಯದು; ಪಾರ್ಲರ್, ಸಲೂನ್ ವಲಯದಲ್ಲಿ ಹೆಸರಿಗೆ ಬೆಲೆ ಇದೆ, ಆದರೆ ಅದು ವಿಶ್ವವಿದ್ಯಾಲಯದ ಪದವಿಗೆ ಸಮವಲ್ಲ. ಇನ್ನೊಂದು, ಯಾವುದೋ ಕಟ್ಟಡದ ಎರಡನೇ ಮಹಡಿಯಲ್ಲಿ ಎರಡು ಕೋಣೆ, ಹತ್ತು ಹೊಲಿಗೆ ಯಂತ್ರ, ಗೋಡೆ ತುಂಬ ಮಾಡೆಲ್‌ಗಳ ಫೋಟೊ. ಇದರಲ್ಲಿ ಚೆನ್ನಾಗಿ ಕಲಿಸುವವರೂ ಇದ್ದಾರೆ, ಹಣ ಮಾಡುವವರೂ ಇದ್ದಾರೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಗುಮಾಸ್ತನ ಮೂರು ಪರೀಕ್ಷೆ

ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಮಗಳ ಓದಿಗೆಂದು ತಾಯಿ ಒಡವೆ ಅಡವಿಟ್ಟು, ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಗೆ ಒಂದು ವರ್ಷದ "ಅಡ್ವಾನ್ಸ್ ಡಿಪ್ಲೊಮಾ"ಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಕಟ್ಟಿದರು. ಹುಡುಗಿ ಶ್ರದ್ಧೆಯಿಂದ ಕಲಿತಳು. ಊರಿಗೆ ಬಂದು ಅಂಗಡಿ ಇಡಲು ಬ್ಯಾಂಕಿಗೆ ಸಾಲಕ್ಕೆ ಹೋದಾಗ ಆ ಸರ್ಟಿಫಿಕೇಟು ತಿರುಗಿಸಿ ನೋಡಿದರು. ಅದರ ಮೇಲೆ ಸಹಿ ಮಾಡಿದವರು ಆ ಸಂಸ್ಥೆಯ ನಿರ್ದೇಶಕರು ಒಬ್ಬರೇ. ಬೇರೆ ಯಾವ ಮಂಡಳಿಯ ಹೆಸರೂ ಇಲ್ಲ, ಸಂಖ್ಯೆಯೂ ಇಲ್ಲ. ಕೊನೆಗೆ ಅವಳು ಇನ್ನೊಂದು ವರ್ಷ ಐ.ಟಿ.ಐ.ಗೆ ಹೋಗಿ ಕಲಿತದ್ದನ್ನೇ ಮತ್ತೆ ಕಲಿತಳು. ಈಗ ಅಂಗಡಿ ನಡೆಯುತ್ತಿದೆ. ಒಡವೆ ಬಿಡಿಸಿಕೊಂಡದ್ದು ಬಹಳ ತಡವಾಗಿ.

ಅಂಥ ನಷ್ಟ ಇನ್ನೊಂದು ಮನೆಗೆ ಆಗಬಾರದು. ಅದಕ್ಕೆ ಮೂರು ಪರೀಕ್ಷೆ ಸಾಕು.

ಮೊದಲ ಪರೀಕ್ಷೆ: ಸರ್ಟಿಫಿಕೇಟಿನ ಮಾದರಿ ಕೇಳಿ. ಹಿಂದಿನ ವರ್ಷದ ವಿದ್ಯಾರ್ಥಿಗೆ ಕೊಟ್ಟ ಸರ್ಟಿಫಿಕೇಟಿನ ಪ್ರತಿ ತೋರಿಸಿ ಎನ್ನಿ. ಸಹಿ ಯಾರದು, ಪರೀಕ್ಷೆ ನಡೆಸಿದವರು ಯಾರು ನೋಡಿ. ವಿಶ್ವವಿದ್ಯಾಲಯ ಎಂದರೆ ಯು.ಜಿ.ಸಿ. ಪಟ್ಟಿಯಲ್ಲಿ ಹೆಸರಿರಬೇಕು, ಯು.ಜಿ.ಸಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ. ಉತ್ತರ ಭಾರತದ ಯಾವುದೋ ರಾಜ್ಯದ ವಿಶ್ವವಿದ್ಯಾಲಯದ ಪದವಿಯನ್ನು ಬೆಂಗಳೂರಿನ ಸೆಂಟರಿನಲ್ಲೇ ಕೊಡುತ್ತೇವೆ ಎಂದರೆ ಎಚ್ಚರ. ರಾಜ್ಯ ವಿಶ್ವವಿದ್ಯಾಲಯ ತನ್ನ ರಾಜ್ಯದ ಗಡಿಯಾಚೆ ಇಂಥ ಸೆಂಟರ್ ನಡೆಸುವಂತಿಲ್ಲ. "ಇಂಟರ್‌ನ್ಯಾಷನಲ್ ಡಿಪ್ಲೊಮಾ" ಎಂದರೆ ಯಾವ ಸಂಸ್ಥೆಯದು ಎಂದು ಕೇಳಿ. ಬ್ಯೂಟಿ ವಲಯದಲ್ಲಿ ಸಿಡೆಸ್ಕೊ ಎಂಬ ಹಳೆಯ ಅಂತರರಾಷ್ಟ್ರೀಯ ಸಂಸ್ಥೆ ಇದೆ. ಅದರ ಮಾನ್ಯತೆ ಪಡೆದ ಶಾಲೆಗಳ ಹೆಸರು ಅದರದೇ ಪಟ್ಟಿಯಲ್ಲಿರುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಮಾತು ನಂಬಬೇಡಿ.

ಎರಡನೇ ಪರೀಕ್ಷೆ: ಶುಲ್ಕದ ಬಿಲ್ಲು ಓದಿ. ಕಾನೂನಿನ ಮಾನ್ಯತೆ ಇರುವ ಪದವಿ, ಡಿಪ್ಲೊಮಾ, ಐ.ಟಿ.ಐ. ಕೋರ್ಸಿನ ಶುಲ್ಕಕ್ಕೆ ಜಿ.ಎಸ್.ಟಿ. ಇಲ್ಲ. ಮಾನ್ಯತೆ ಇಲ್ಲದ ತರಬೇತಿಗೆ ಶೇ. 18 ಜಿ.ಎಸ್.ಟಿ. ಇದೆ. ಆದ್ದರಿಂದ ಬಿಲ್ಲಿನಲ್ಲಿ "ಜಿ.ಎಸ್.ಟಿ. 18%" ಎಂದು ಕಂಡರೆ, ಬಾಯಲ್ಲಿ ಏನೇ ಹೇಳಿದ್ದರೂ ಕೋರ್ಸು ಮಾನ್ಯತೆ ಪಡೆದದ್ದಲ್ಲ ಎಂದು ಅವರ ಬಿಲ್ಲೇ ಹೇಳುತ್ತಿದೆ. ಅದು ಮೋಸ ಎಂದಲ್ಲ. ತೆರಿಗೆ ಕಟ್ಟುವುದು ಪ್ರಾಮಾಣಿಕತೆಯೇ. ನೀವು ಕೊಳ್ಳುತ್ತಿರುವುದು ತರಬೇತಿ, ಪದವಿಯಲ್ಲ ಎಂಬುದು ಗೊತ್ತಿರಲಿ. ಒಂದು ಲಕ್ಷದ ಮೇಲೆ 18 ಸಾವಿರ ಹೆಚ್ಚಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಿಲ್ಲೇ ಕೊಡದೆ ಬಿಳಿ ಹಾಳೆಯಲ್ಲಿ ಬರೆದು ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ಮೂರನೇ ಪರೀಕ್ಷೆ: ನಿಮ್ಮ ಊರಿನ ಬ್ಯಾಂಕಿನಲ್ಲಿ ವಿಚಾರಿಸಿ. ಸಾಲ ಬೇಡವಾಗಿದ್ದರೂ ಹೋಗಿ, "ಈ ಕೋರ್ಸಿಗೆ ಶಿಕ್ಷಣ ಸಾಲ ಕೊಡುತ್ತೀರಾ?" ಎಂದು ಕೇಳಿ. ಮಾನ್ಯತೆ ಪಡೆದ ಪದವಿಗೆ 4 ಲಕ್ಷದವರೆಗೆ ಆಸ್ತಿ ಅಡಮಾನ ಕೇಳದೆ ತಂದೆತಾಯಿಯ ಸಹಿಯ ಮೇಲೆ ಸಾಲ ಕೊಡುವ ಪದ್ಧತಿ ಇದೆ. ರಾಷ್ಟ್ರೀಯ ಕೌಶಲ ಚೌಕಟ್ಟಿಗೆ ಸೇರಿದ ಕೋರ್ಸುಗಳಿಗೆ ಕೌಶಲ ಸಾಲ ಬೇರೆ ಇದೆ. ಅದರ ಮಿತಿ 2024ರಲ್ಲಿ 7.5 ಲಕ್ಷಕ್ಕೆ ಏರಿತು. ಕೋರ್ಸಿನ ಕಾಗದ ಸರಿಯಿಲ್ಲದಿದ್ದರೆ ಬ್ಯಾಂಕಿನವರು ತಲೆ ಅಲ್ಲಾಡಿಸುತ್ತಾರೆ. ಬ್ಯಾಂಕು ತನ್ನ ಹಣ ಹಾಕಲು ಹಿಂಜರಿಯುವ ಕಡೆ ನೀವು ಒಡವೆ ಅಡವಿಟ್ಟು ಹಣ ಹಾಕಬೇಕೇ ಎಂದು ಯೋಚಿಸಿ.

ಮೊದಲು ಒಂದು ತಿಂಗಳು, ಆಮೇಲೆ ಬೆಂಗಳೂರು

1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ರುಡ್‌ಸೆಟ್ ಎಂಬ ಸ್ವ ಉದ್ಯೋಗ ತರಬೇತಿ ಸಂಸ್ಥೆ ತೆರೆದರು. ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ, ಕೇಂದ್ರ ಸರಕಾರ ಅದೇ ಮಾದರಿಯಲ್ಲಿ ಜಿಲ್ಲೆಗೊಂದು ಸಂಸ್ಥೆ ಮಾಡಲು ಬ್ಯಾಂಕುಗಳಿಗೆ ಹೇಳಿತು. ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಇಂಡಿಯನ್ ಬ್ಯಾಂಕ್ ನಡೆಸುವ ಇಂಡ್‌ಸೆಟಿ ಅದೇ ವಂಶದ್ದು. ಕನ್ನಡ ನಾಡಿನಲ್ಲಿ ಹುಟ್ಟಿದ ಯೋಜನೆ ನಮ್ಮ ಮನೆ ಬಾಗಿಲಿಗೇ ಬಂದಿದೆ.

ಇಲ್ಲಿ 18 ತುಂಬಿದ ಗ್ರಾಮೀಣ ಯುವಜನರಿಗೆ ಬ್ಯೂಟಿ ಪಾರ್ಲರ್, ಹೊಲಿಗೆ ಮುಂತಾದ ತರಬೇತಿ ಸುಮಾರು ಒಂದು ತಿಂಗಳು ನಡೆಯುತ್ತದೆ. ತರಬೇತಿ ಉಚಿತ, ಊಟವೂ ಉಚಿತ. ಮುಗಿದ ಮೇಲೆ ಬ್ಯಾಂಕ್ ಸಾಲಕ್ಕೂ ದಾರಿ ತೋರಿಸುತ್ತಾರೆ. ಒಂದು ತಿಂಗಳಲ್ಲಿ ಎಲ್ಲವನ್ನೂ ಕಲಿಯಲು ಆಗುವುದಿಲ್ಲ, ನಿಜ. ಆದರೆ ದಿನಕ್ಕೆ ಎಂಟು ಗಂಟೆ ನಿಂತು ಬೇರೆಯವರ ಕಾಲು ಹಿಡಿದು ಪೆಡಿಕ್ಯೂರ್ ಮಾಡುವುದು ತನಗೆ ಒಗ್ಗುತ್ತದೆಯೇ, ಬಟ್ಟೆ ಕತ್ತರಿಸಲು ಕೈ ಓಡುತ್ತದೆಯೇ ಎಂಬುದು ಹುಡುಗಿಗೇ ಗೊತ್ತಾಗುತ್ತದೆ. ರೀಲ್ಸ್ ನೋಡಿ ಹುಟ್ಟಿದ ಆಸೆಯೋ, ನಿಜವಾದ ಒಲವೋ ಎಂಬುದು ಹಣ ಖರ್ಚಾಗದೆ ತೀರ್ಮಾನವಾಗುತ್ತದೆ.

ಒಲವು ನಿಜವೆಂದು ಗೊತ್ತಾದ ಮೇಲೆ ಮನೆಯ ಹತ್ತಿರ ಐ.ಟಿ.ಐ. ಅಥವಾ ಪದವಿ. ಸರಕಾರಿ ಶಾಲೆಯಲ್ಲಿ ಓದಿದ ಹುಡುಗಿಯರಿಗೆ 2022ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪುದುಮೈ ಪೆಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಬರುತ್ತದೆ. ಪದವಿ, ಡಿಪ್ಲೊಮಾ, ಐ.ಟಿ.ಐ. ಎಲ್ಲಕ್ಕೂ ಉಂಟು. ಮಾನ್ಯತೆ ಇಲ್ಲದ ಖಾಸಗಿ ಕೋರ್ಸಿಗೆ ಹೋದರೆ ಅದು ಕೈತಪ್ಪುತ್ತದೆ.

ಹಾಗಾದರೆ ಬೆಂಗಳೂರಿನಿಂದ ಏನು ಸಿಗುತ್ತದೆ? ಸಿಗುವುದು ಇದೆ. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಪ್ಯಾಟರ್ನ್ ಮಾಸ್ಟರ್, ಗುಣಮಟ್ಟ ಪರೀಕ್ಷಕಿ, ಮರ್ಚಂಡೈಸರ್ ಹುದ್ದೆಗಳಿವೆ. ಚಿಕ್ಕಪೇಟೆಯ ಸಗಟು ಅಂಗಡಿಗಳನ್ನು ನೋಡಿದರೆ ಮಾರುಕಟ್ಟೆ ಅರ್ಥವಾಗುತ್ತದೆ. ದೊಡ್ಡ ಸಲೂನುಗಳಲ್ಲಿ ಬಗೆಬಗೆಯ ಗಿರಾಕಿಗಳ ಅನುಭವ ಸಿಗುತ್ತದೆ. ಸೇಲಂನಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ಮೂಲ ಪಾಠಕ್ಕೆ ಲಕ್ಷಗಟ್ಟಲೆ ಕೊಟ್ಟು ಅಷ್ಟು ದೂರ ಹೋಗುವುದಕ್ಕಿಂತ, ಮೂಲ ಪಾಠ ಇಲ್ಲಿ ಮುಗಿಸಿ ಅನುಭವಕ್ಕೆ, ಸಂಬಳಕ್ಕೆ ಅಲ್ಲಿಗೆ ಹೋಗುವುದು ಲಾಭ. ನಿಫ್ಟ್‌ನಂಥ ಸಂಸ್ಥೆಯಲ್ಲಿ ಸೀಟು ಸಿಕ್ಕರೆ ಮಾತ್ರ ಬೇರೆ ಮಾತು. ಸಾಲ ಮಾಡಿಯಾದರೂ ಕಳುಹಿಸಿ.

ಕನ್ನಡ ಓದಲು ಬಂದರೆ ಇನ್ನೊಂದು ಬಾಗಿಲು

ಬೆಂಗಳೂರಿನ ಕೆ.ಆರ್. ವೃತ್ತದಲ್ಲಿರುವ ಸರಕಾರಿ ಎಸ್.ಕೆ.ಎಸ್.ಜೆ. ತಾಂತ್ರಿಕ ಸಂಸ್ಥೆಯಲ್ಲಿ ಜವಳಿ ತಂತ್ರಜ್ಞಾನ, ರೇಷ್ಮೆ ತಂತ್ರಜ್ಞಾನದ ಬಿ.ಇ. ಇದೆ. ಪ್ರವೇಶ ಕರ್ನಾಟಕದ ಸಿ.ಇ.ಟಿ. ಮೂಲಕ. ಸಿ.ಇ.ಟಿ.ಯಲ್ಲಿ ಗಡಿನಾಡು ಕನ್ನಡಿಗರಿಗೆ, ಹೊರನಾಡು ಕನ್ನಡಿಗರಿಗೆ ಪ್ರತ್ಯೇಕ ಅವಕಾಶ ಉಂಟು. ಯಾವ ಪ್ರದೇಶ, ಎಷ್ಟು ವರ್ಷದ ಓದು ಎಂಬ ಷರತ್ತುಗಳನ್ನು ಆ ವರ್ಷದ ಮಾಹಿತಿ ಪುಸ್ತಕದಲ್ಲಿ ನೋಡಬೇಕು. ಈ ಅವಕಾಶ ಕೇಳುವವರು ಒಂದು ಕನ್ನಡ ಪರೀಕ್ಷೆಯನ್ನೂ ಬರೆಯಬೇಕು.

ಇಲ್ಲಿ ನಮ್ಮ ಮಕ್ಕಳು ಸಿಕ್ಕಿಬೀಳುತ್ತಾರೆ. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುವ ಹುಡುಗಿಗೆ ಅಕ್ಷರ ಗೊತ್ತಿಲ್ಲ, ಏಕೆಂದರೆ ಶಾಲೆ ತಮಿಳು ಅಥವಾ ಇಂಗ್ಲಿಷ್. ಮೂರು ತಿಂಗಳು ಸಂಜೆ ಒಂದು ಗಂಟೆ ಕುಳಿತರೆ ಓದು ಬರಹ ಬಂದುಬಿಡುತ್ತದೆ. ಪರೀಕ್ಷೆ ಬರೆಯದವರಿಗೂ ಇದು ಉಪಯೋಗ. ಬೆಂಗಳೂರಿನ ಸಲೂನಿನಲ್ಲಿ, ಕಾರ್ಖಾನೆಯಲ್ಲಿ ಕನ್ನಡ, ತಮಿಳು ಎರಡೂ ಬಲ್ಲವಳಿಗೆ ಗಿರಾಕಿಯ ಜೊತೆಗೂ ಕೆಲಸಗಾರರ ಜೊತೆಗೂ ತೊಡಕಿಲ್ಲ.

ಹೋಗುವುದು ಖಚಿತವಾದರೆ

ಮೂಲ ಅಂಕಪಟ್ಟಿ, ಟಿ.ಸಿ.ಗಳನ್ನು ತೋರಿಸಿ ವಾಪಸು ತನ್ನಿ; ಪ್ರತಿ ಮಾತ್ರ ಕೊಡಿ. ವಿಶ್ವವಿದ್ಯಾಲಯ, ಕಾಲೇಜುಗಳು ಮೂಲ ಪ್ರಮಾಣಪತ್ರ ಇಟ್ಟುಕೊಳ್ಳಬಾರದೆಂದು ಯು.ಜಿ.ಸಿ. 2018ರಲ್ಲೇ ಹೇಳಿದೆ. ಅದೇ ಸೂಚನೆಯಲ್ಲಿ ಶುಲ್ಕ ವಾಪಸಿನ ಲೆಕ್ಕವೂ ಇದೆ: ಪ್ರವೇಶದ ಕೊನೆಯ ದಿನಾಂಕ ಕಳೆದು 15 ದಿನದೊಳಗೆ ಬಿಟ್ಟರೆ ಶೇ. 80, ಅನಂತರ 30 ದಿನದೊಳಗೆ ಶೇ. 50, ಆಮೇಲೆ ಏನೂ ಇಲ್ಲ. ಖಾಸಗಿ ಅಕಾಡೆಮಿಗಳಿಗೆ ಈ ನಿಯಮ ತಾಗುವುದಿಲ್ಲ. ಅಲ್ಲಿ ವಾಪಸಿನ ಷರತ್ತನ್ನು ಬರವಣಿಗೆಯಲ್ಲಿ ಪಡೆಯಿರಿ, ಹಣವನ್ನು ಕಂತಿನಲ್ಲೇ ಕಟ್ಟಿ.

ಶುಲ್ಕದ ಹೊರಗೆ ಬಟ್ಟೆ, ಕತ್ತರಿ, ಮೇಕಪ್ ಕಿಟ್, ಪ್ರದರ್ಶನದ ಖರ್ಚು ಎಷ್ಟು ಎಂದು ಹಿಂದಿನ ವರ್ಷದ ವಿದ್ಯಾರ್ಥಿನಿಯನ್ನೇ ಕೇಳಿ. ಪಿ.ಜಿ. ನೋಡುವಾಗ ಪಾಲಿಕೆಯ ಪರವಾನಗಿ, ಸಿ.ಸಿ.ಟಿ.ವಿ., ಕಾವಲುಗಾರ ಇದ್ದಾರೆಯೇ ನೋಡಿ. ಬೆಂಗಳೂರು ಪಾಲಿಕೆ 2024ರಲ್ಲಿ ಇವನ್ನೆಲ್ಲ ಕಡ್ಡಾಯ ಮಾಡಿತು. ಮಗಳ ಫೋನಿನಲ್ಲಿ 112 ಮತ್ತು ಮಹಿಳಾ ಸಹಾಯವಾಣಿ 181 ಇರಲಿ. "ತೊಂದರೆ ಆದರೆ ಮನೆಗೆ ಬಾ, ಹಣ ಹೋದರೆ ಹೋಗಲಿ" ಎಂಬ ಮಾತನ್ನು ಬಸ್ಸು ಹತ್ತಿಸುವಾಗಲೇ ಹೇಳಿ. ಕಟ್ಟಿದ ಹಣಕ್ಕೆ ಹೆದರಿ ಕಷ್ಟ ಬಚ್ಚಿಡುವ ಮಕ್ಕಳಿದ್ದಾರೆ.

ಸದಸ್ಯರಲ್ಲಿ ವಿನಂತಿ

ಯಾವುದೇ ಸಂಸ್ಥೆಗೆ ಹಣ ಕಟ್ಟುವ ಮೊದಲು ಅದರ ಪ್ರಾಸ್ಪೆಕ್ಟಸ್, ಶುಲ್ಕದ ಪಟ್ಟಿ ಹಿಡಿದುಕೊಂಡು ಸಂಘದ ಕಚೇರಿಗೆ ಬನ್ನಿ. ಮಗಳನ್ನೂ ಕರೆತನ್ನಿ, ಓದುವವಳು ಅವಳು. ಒಟ್ಟಿಗೆ ಕುಳಿತು ಓದೋಣ. ಈಗಾಗಲೇ ಈ ಕೋರ್ಸು ಮುಗಿಸಿ ಕೆಲಸದಲ್ಲಿರುವ ನಮ್ಮ ಹೆಣ್ಣುಮಕ್ಕಳು ತಮ್ಮ ಹೆಸರು ತಿಳಿಸಿದರೆ ಹೊಸಬರಿಗೆ ಮಾತಾಡಿಸುತ್ತೇವೆ. ನನ್ನ ಹತ್ತು ಮಾತಿಗಿಂತ ಅವರ ಒಂದು ಮಾತು ಹೆಚ್ಚು ಉಪಯೋಗ. ಕನ್ನಡ ಅಕ್ಷರ ಕಲಿಯಬೇಕೆನ್ನುವ ಮಕ್ಕಳ ಹೆಸರನ್ನೂ ಕೊಡಿ. ಹತ್ತು ಮಂದಿ ಸೇರಿದರೆ ಸಂಜೆಯ ತರಗತಿ ಆರಂಭಿಸಲು ಅಡ್ಡಿಯಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ